ಅತ್ತಿಬೆಲೆ ಆಚೆಯ ಪರದೇಶ

ಜಯನಗರದ ನಮ್ಮ ವಾಕಿಂಗ್ ಗುಂಪಿನಲ್ಲಿ ಮಕ್ಕಳು ಫಾರಿನ್ನಿನಲ್ಲಿ ಇಲ್ಲದವರಿಗೆ ಬಾಯಿ ತೆರೆಯಲು ಅವಕಾಶ ಕಡಿಮೆ. ಒಬ್ಬರ ಮಗಳು ಸನ್ನಿವೇಲ್, ಇನ್ನೊಬ್ಬರ ಮಗ ಮೆಲ್ಬರ್ನ್. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲವಂತೆ, ಸಂಜೆಗೇ ಅಂಗಡಿ ಮುಚ್ಚುತ್ತಾರಂತೆ, ಹೊತ್ತು ಹೋಗುವುದೇ ಇಲ್ಲವಂತೆ. ಕೇಳಿ ಕೇಳಿ ಸಾಕಾಗಿ, ನಿವೃತ್ತಿಯಾದ ಮೇಲೆ ನಾನೂ ಪರದೇಶಕ್ಕೆ ಹೊರಟುಬಿಟ್ಟೆ. ವೀಸಾದ ತಾಪತ್ರಯವಿರಲಿಲ್ಲ. ಅತ್ತಿಬೆಲೆ ದಾಟಿ, ಹೊಸೂರಿನಲ್ಲಿ ರಾಯಕೋಟೆ ರಸ್ತೆ ಹಿಡಿದರೆ ಉದ್ದನಪಲ್ಲಿ. ಅಲ್ಲಿ ಭಾವಮೈದುನನ ತೋಟದ ಮನೆ ಖಾಲಿ ಬಿದ್ದಿತ್ತು. ಬಾಡಿಗೆಯ ಮಾತೆತ್ತಿದರೆ ಅವನು ಕೋಪಿಸಿಕೊಳ್ಳುತ್ತಿದ್ದ. ಅವನನ್ನು ನೋಯಿಸುವುದು ಬೇಡವೆಂದು ಎತ್ತಲಿಲ್ಲ.

ಪರದೇಶವೇನೋ ಹೌದು, ಆದರೆ ಯಾರ ದೇಶ ಎಂದು ಹೇಳುವುದು ಕಷ್ಟ. ಬೋರ್ಡೆಲ್ಲ ತಮಿಳು, ಸಂತೆಯ ಚೌಕಾಸಿ ತೆಲುಗಿನಲ್ಲಿ, ಜಗಲಿಯ ಮೇಲಿನ ಅಜ್ಜಿಯರದು ಆನೇಕಲ್ ಕಡೆಯ ಕನ್ನಡ. ಈ ಸೀಮೆ 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ. ಕೂತ ಜಾಗ ಬಿಟ್ಟು ಅಲ್ಲಾಡದೆ ಮೂರು ಜಿಲ್ಲೆ ಸುತ್ತಿದ ಊರು! ನಾನು ಬ್ಯಾಂಕಿನಲ್ಲಿದ್ದಾಗ ಇಷ್ಟು ವರ್ಗಾವಣೆಗೆ ಎಷ್ಟು ಸಲ ಗಂಟುಮೂಟೆ ಕಟ್ಟಿದ್ದೆ ಎಂಬುದು ನನ್ನ ಹೆಂಡತಿಗೆ ಗೊತ್ತು.

ಮೊದಲ ದಿನಗಳಲ್ಲಿ ಟೀ ಅಂಗಡಿಯೇ ನನ್ನ ಪರೀಕ್ಷಾ ಮಂದಿರ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತೇ ಕುಡಿದು, ಕುಡಿಯುತ್ತಲೇ ಹೊರಗೆ ಕಾಲಿಟ್ಟು ಅಭ್ಯಾಸವಾದವನು ನಾನು. ಇಲ್ಲಿ ಮಾಸ್ಟರ್ ಟೀ ಎತ್ತಿ ಹೊಯ್ಯುವ ಮೊದಲು ನಾನು ಯಾರ ಪೈಕಿ, ಯಾವ ತೋಟ, ಪಿಂಚಣಿ ಎಷ್ಟು, ಮಗನಿಗೆ ಮದುವೆ ಯಾಕಾಗಿಲ್ಲ, ಎಲ್ಲವೂ ಇತ್ಯರ್ಥವಾಗಬೇಕು. ನಾನು ಗಡಿಯಾರ ನೋಡಿಕೊಂಡರೆ ಅವರೂ ಇಣುಕಿ ನೋಡಿ, "ಟೈಮ್ ಕರೆಕ್ಟಾಗೈತೆ ಸಾರ್" ಎಂದು ಧೈರ್ಯ ಹೇಳುತ್ತಿದ್ದರು. ನಲ್ಲಿ ಸೋರುತ್ತದೆಂದು ಪ್ಲಂಬರಿಗೆ ಫೋನ್ ಮಾಡಿದರೆ, "ರಾಗಿ ಒಕ್ಕಣೆ ಮುಗೀಲಿ ಸ್ವಾಮಿ, ಬತ್ತೀನಿ" ಎಂದ. ಬೆಂಗಳೂರಿನ ಪ್ಲಂಬರ್ ಆಗಿದ್ದರೆ 'ದಾರೀಲಿದೀನಿ ಸಾರ್' ಎನ್ನುತ್ತ ವಾರಗಟ್ಟಲೆ ದಾರಿಯಲ್ಲೇ ಇರುತ್ತಿದ್ದ. ಇವನು ತಡ ಮಾಡಿದರೂ ಲೆಕ್ಕ ಕೊಟ್ಟು ಮಾಡಿದ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ನಾವೂ ಒಕ್ಕಣೆಯ ದಾರಿ ಕಾಯತೊಡಗಿದೆವು.

ಒಕ್ಕಣೆ ಎಂದರೆ ಕಣ ಸಾರಿಸಿ, ಎತ್ತು ಕಟ್ಟಿ, ರೋಣಗಲ್ಲು ಎಳೆಸುತ್ತಾರೆಂದು ನಾನಂದುಕೊಂಡಿದ್ದೆ. ಈಗ ಅದೆಲ್ಲ ಎಲ್ಲಿದೆ! ಒಂದು ಬೆಳಿಗ್ಗೆ ಕೆಲಮಂಗಲಕ್ಕೆ ಹೊರಟೆ. ತಿರುವಿನಲ್ಲಿ ರಸ್ತೆಯ ಉದ್ದಕ್ಕೂ ರಾಗಿ ತೆನೆಯ ಹಾಸಿಗೆ. ಬ್ರೇಕ್ ಹಾಕಿದೆ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಅಜ್ಜಿ ಹೋಗು ಹೋಗು ಎಂದು ಕೈಬೀಸಿದಳು. ಅನ್ನವನ್ನು ತುಳಿಯುವುದು ಹೇಗೆಂದು ಅಳುಕುತ್ತಲೇ ಮೆಲ್ಲಗೆ ದಾಟಿಸಿದೆ. ಟೈರಿನಡಿ ತೆನೆ ಚಟಪಟ ಎಂದಿತು, ಹೊಟ್ಟಿನ ದೂಳು ಕಿಟಕಿಯೊಳಗೆ ನುಗ್ಗಿತು. ಆಚೆ ದಡ ಸೇರಿ ನಿಟ್ಟುಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಕೂಗು: "ಅಪ್ಪಾ, ಅಂಗೇ ರಿವರ್ಸ್ ತಗೊಂಡು ಇನ್ನೊಂದ್ ಕಿತ ಬಾ. ಎಡಗಡೇದು ಅರೆದಿಲ್ಲ!" ತಗೊಂಡೆ. ಬಲಗಡೆಗೂ ಹೋಗಿಬಂದೆ. ಅಜ್ಜಿ ಒಂದು ತೆನೆ ಎತ್ತಿ ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿ, ಕಾಳು ನೋಡಿ ತಲೆಯಾಡಿಸಿದ ಮೇಲೆಯೇ ನನಗೆ ಬಿಡುಗಡೆ. ಕಂತು ಕಟ್ಟಿ ತಂದ ಆ ಕಾರಿನಿಂದ ಬೇರೆಯವರಿಗೆ ಉಪಕಾರವಾದದ್ದು ಅದೇ ಮೊದಲು.

ಇಷ್ಟು ಒಳ್ಳೆಯ ರಾಗಿ ಬೆಳೆದರೆ ಸುದ್ದಿ ದೂರ ಹಬ್ಬುತ್ತದೆ. ಬನ್ನೇರುಘಟ್ಟದ ಆನೆಗಳು ಜವಳಗಿರಿ, ತಳಿ ಕಾಡು ಹಾದು ಈ ಕಡೆಗೆ ಬರುವುದು ಸರಿಯಾಗಿ ರಾಗಿ ಬಲಿಯುವ ಕಾಲಕ್ಕೆ. ಉದ್ದನಪಲ್ಲಿಗೆ ಹತ್ತಿರದ ಸಾನಮಾವು ಕಾಡು ಅವುಗಳ ಬಿಡಾರ. ಅಲ್ಲಿ ಅವು ರಸ್ತೆ ದಾಟುವಾಗ ಹೊಸೂರು–ರಾಯಕೋಟೆ ರಸ್ತೆಯಲ್ಲಿ ಸಂಚಾರ ನಿಲ್ಲುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಯುಷ್ಯ ಸವೆಸಿದವನಿಗೆ ಇದೊಂದು ಸತ್ಯವಾದ ಟ್ರಾಫಿಕ್ ಜಾಮ್ ಅನ್ನಿಸಿತು. ಕಾರಣ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಸೊಂಡಿಲೂ ಇದೆ. ಯಾರೂ ಹಾರ್ನ್ ಮಾಡುವುದಿಲ್ಲ, ಮೆಲ್ಬರ್ನಿನ ಹಾಗೆ. ಆದರೆ ಬೆಳೆ ಕಳೆದುಕೊಂಡವನ ಮುಂದೆ ಈ ರಸಿಕತೆ ನಡೆಯುವುದಿಲ್ಲ. ಇರುಳೆಲ್ಲ ಹೊಲ ಕಾದು ಕಣ್ಣು ಕೆಂಪಾದವರು ಬೆಳಿಗ್ಗೆ ಅದೇ ಟೀ ಅಂಗಡಿಗೆ ಬಂದಾಗ ನಾನು ಸುಮ್ಮನಿರುತ್ತೇನೆ.

ಊರು ನಿಧಾನ ಎಂಬ ನನ್ನ ಸಿದ್ಧಾಂತ ಸಡಿಲವಾಗತೊಡಗಿದ್ದೂ ಇಂಥ ಬೆಳಗುಗಳಲ್ಲೇ. ನಾನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಹೊತ್ತಿಗೆ ಟೊಮೊಟೊ ಗಾಡಿಗಳು ರಾಯಕೋಟೆ ಮಾರ್ಕೆಟ್ಟಿಗೆ ಹೊರಟಿರುತ್ತವೆ. ಪಾಲಿಹೌಸಿನ ಗುಲಾಬಿ ಪ್ರೇಮಿಗಳ ದಿನಕ್ಕೆ ವಿಮಾನವೇರಿ ಹೋಗುತ್ತದೆ; ಒಂದು ದಿನ ತಡವಾದರೆ ಆ ಪ್ರೇಮಕ್ಕೆ ಬೆಲೆಯಿಲ್ಲ. ಹೆಂಗಸರಿಗೆ ಟೌನ್ ಬಸ್ಸಿನಲ್ಲಿ ಟಿಕೆಟ್ಟಿಲ್ಲ ಎಂದು ಇಲ್ಲಿ 2021ರಲ್ಲೇ ಮಾಡಿದರು, ನಮ್ಮ ಕರ್ನಾಟಕದ 'ಶಕ್ತಿ' ಬಂದದ್ದು 2023ಕ್ಕೆ. "ನಿಮ್ಮ ಪರದೇಶವೇ ಚುರುಕು" ಎಂದು ಹೆಂಡತಿ ಅವಕಾಶ ಸಿಕ್ಕಾಗಲೆಲ್ಲ ಹೊಸೂರಿಗೆ ಹೋಗಿಬರುತ್ತಾಳೆ. ನಾನು ಚಿಲ್ಲರೆ ಕೊಟ್ಟು ಟಿಕೆಟ್ ಪಡೆದು ಹಿಂದಿನ ಸೀಟಿನಲ್ಲಿ.

ಇಟಲಿಯಲ್ಲಿ 1999ರಲ್ಲಿ ಕೆಲವು ಊರುಗಳು ಸೇರಿ 'ನಿಧಾನ ನಗರ'ಗಳ ಸಂಘ ಕಟ್ಟಿಕೊಂಡವು. ಅದರ ಲಾಂಛನ ಬೆನ್ನ ಮೇಲೆ ಊರು ಹೊತ್ತ ಬಸವನಹುಳು. ಸೇರಲು ಜನಸಂಖ್ಯೆ 50,000ದ ಒಳಗಿರಬೇಕು, ಅರ್ಜಿ ಹಾಕಬೇಕು, ಪರಿಶೀಲನೆಗೆ ಬರುತ್ತಾರೆ. ನಿಧಾನಕ್ಕೂ ಸರ್ಟಿಫಿಕೇಟ್ ಬೇಕೆನ್ನುವ ಜನ ನಿಜವಾಗಿ ನಿಧಾನಸ್ಥರೇ ಎಂಬುದು ನನ್ನ ಅನುಮಾನ. ಉದ್ದನಪಲ್ಲಿಯ ಅರ್ಜಿ ಹೊತ್ತು ಯಾರೂ ಇಟಲಿಗೆ ಹೋಗಲಾರರು. ಇಲ್ಲಿಯ ರೈತರು ಅರ್ಜಿ ಹಿಡಿದದ್ದು ಬೇರೆ ಕಾರಣಕ್ಕೆ: ಸಿಪ್ಕಾಟ್ ಕೈಗಾರಿಕಾ ವಲಯಕ್ಕೆ ತಮ್ಮ ಜಮೀನು ಕೊಡುವುದಿಲ್ಲವೆಂದು 2023ರಲ್ಲಿ ಧರಣಿ ಕೂತರು. ಅವರು ಕೇಳಿದ್ದು ನಿಧಾನವನ್ನಲ್ಲ, ಹೊಲವನ್ನು. ಆ ಹೊಲದಲ್ಲಿ ಅವರಿಗೆ ಎಷ್ಟು ಆತುರದ ಕೆಲಸವಿದೆ ಎಂಬುದು ನನಗೆ ಈಗ ಗೊತ್ತು.

ಇಲ್ಲಿಂದ ಜನ ಹೊರಗೆ ಹೋಗುವುದು ಹಳೆಯ ಪದ್ಧತಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ದೆಹಲಿಗೆ ಹೋಗಿ 1948ರಲ್ಲಿ ಗವರ್ನರ್ ಜನರಲ್ ಆದರು. ಈಗಿನ ಹುಡುಗರು ನಸುಕಿನಲ್ಲೇ ಕಂಪನಿ ಬಸ್ಸು ಹತ್ತುತ್ತಾರೆ. ಬೆಂಗಳೂರು ಬಿಟ್ಟು ಇಲ್ಲಿಗೆ ಬಂದವನ ಕತೆ ಮಾತ್ರ ಅವರಿಗೆ ಬಗೆಹರಿಯದು. ಮೊನ್ನೆ ಅದೇ ರಾಗಿ ಅಜ್ಜಿ ಬೇಲಿಯಾಚೆ ನಿಂತು ವಿಚಾರಣೆಗೆ ತೊಡಗಿದಳು.

"ಕೆಲ್ಸಕ್ಕೆ ಬಂದಿದ್ದೀರಾ?"

"ಇಲ್ಲಮ್ಮ, ರಿಟೈರ್ ಆಗಿದ್ದೀನಿ."

"ಬೇಸಾಯ?"

"ಇಲ್ಲ."

"ಮತ್ತೆ ದಿನಾ ಏನ್ ಮಾಡ್ತೀರಿ?"

ನಿಧಾನವಾಗಿ ಬದುಕಲು ಕಲಿಯುತ್ತಿದ್ದೇನೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. "ಸುಮ್ಮನೆ ಇದ್ದೀನಿ" ಎಂದೆ. ಅವಳ ಮುಖ ಅರಳಿತು.

"ಅಂಗಾದ್ರೆ ಬಾರಪ್ಪ ಈ ಕಡೆ. ಗಾಡಿ ಹೊರಡೋ ಹೊತ್ತಾಯ್ತು, ಈ ಟೊಮೊಟೊ ಕ್ರೇಟು ಒಂದ್ ಕೈ ಹಿಡಿ. ಬ್ಯಾಗ ಬ್ಯಾಗ!"