ಕಡಲಿಲ್ಲದ ಜಿಲ್ಲೆಯಿಂದ ಕಡಲತೀರದ ಸಾಹೇಬರಿಗೆ

ತೀರದ ಸೂಕ್ಷ್ಮತೆಯ ನಕ್ಷೆ ಬರೆಯುವ ಸಾಹೇಬರಿಗೆ ಬಾಗಲಕೋಟೆ ಜಿಲ್ಲೆಯಿಂದ ಶರಣು ಶರಣಾರ್ಥಿ.

ಹಡಗು ಒಡೆದು ಎಣ್ಣೆ ಚೆಲ್ಲಿದರೆ ಯಾವ ದಂಡೆಯನ್ನು ಮೊದಲು ಕಾಯಬೇಕು ಎಂದು ತಿಳಿಯಲು ನೀವು ದಂಡೆಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತೀರಂತೆ. ಅಲೆ ಬಡಿಯುವ ಕಡಿದಾದ ಬಂಡೆಗೆ 1. ಮೆತ್ತಿದ ಎಣ್ಣೆಯನ್ನು ಅಲೆಯೇ ತೊಳೆದುಬಿಡುತ್ತದೆ. ಕಾಂಡ್ಲಾ ಕಾಡಿಗೆ 10. ಬೇರಿನ ಸಂದಿಗೆ ಹೊಕ್ಕ ಎಣ್ಣೆ ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತದೆ. 1979ರಲ್ಲಿ ಮೆಕ್ಸಿಕೋ ಕೊಲ್ಲಿಯ ಇಕ್ಸ್‌ಟಾಕ್ ಬಾವಿ ಸಿಡಿದು, ಎಣ್ಣೆ ಟೆಕ್ಸಾಸ್ ಕಡೆ ತೇಲಿಬರುತ್ತಿದ್ದಾಗ ಅವಸರದಲ್ಲಿ ಹುಟ್ಟಿದ ಪದ್ಧತಿಯಿದು. ಕೆಲಸ ಒಳ್ಳೆಯದೇ, ತಕರಾರಿಲ್ಲ. ನಮ್ಮನ್ನು ಬಿಟ್ಟಿರೆಂಬುದಷ್ಟೇ ದೂರು.

ನಿಮ್ಮ ಲೆಕ್ಕಕ್ಕೆ ನಮ್ಮ ಬಾದಾಮಿ ಹೇಳಿ ಮಾಡಿಸಿದ ದಂಡೆ. ನೆಟ್ಟಗೆ ನಿಂತ ಕೆಂಪು ಬಂಡೆ, ಕಣ್ಣು ಮುಚ್ಚಿ 1 ಕೊಡಬಹುದು. ಕೊರತೆ ಸಮುದ್ರದ್ದೊಂದೇ. ಅದೂ ಇತ್ತು ಸಾಹೇಬರೇ. ನೂರು ಕೋಟಿ ವರ್ಷಕ್ಕೂ ಹಿಂದೆ ಕಲಾದಗಿ ಸೀಮೆಯಲ್ಲಿದ್ದ ಆ ಸಮುದ್ರದ ಸುಣ್ಣಕಲ್ಲನ್ನು ಇಂದಿಗೂ ಸಿಮೆಂಟು ಮಾಡಿ ಮಾರುತ್ತಿದ್ದೇವೆ. ಅರ್ಜಿ ತಡವಾಯಿತೆಂದು ವಾಪಸು ಕಳಿಸಬೇಡಿ. ಇಳಕಲ್ಲಿನ ಗ್ರಾನೈಟ್ ಕೂಡ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಕಲ್ಲಿಗಿರುವ ಕಡಲ ನಂಟು ನಮಗೇಕಿಲ್ಲ?

ಹಳೇ ಸಮುದ್ರ ನಡೆಯದಿದ್ದರೆ ಹೊಸ ತೀರವಿದೆ, ಸರಕಾರವೇ ಮಾಡಿಕೊಟ್ಟದ್ದು. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದರೆ ಹಿನ್ನೀರು ಹಳೇ ಬಾಗಲಕೋಟೆಯ ಮಗ್ಗುಲಿಗೆ ಬಂದು ಕೂರುತ್ತದೆ. ಬೇಸಿಗೆಗೆ ಸರಿದಾಗ ಅಗಲಕ್ಕೆ ಕರಿ ರಾಡಿ. ಅದು ಬಿರಿಯುವ ಮೊದಲೇ ಕೆಲವರು ಬಿತ್ತಿಬಿಡುತ್ತಾರೆ. ಆಚೆ ಮೊಣಕಾಲುದ್ದದ ನೀರಿನಲ್ಲಿ ರಾಜಹಂಸಗಳು ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ಸೋಸುತ್ತಿರುತ್ತವೆ. ಇಂಥ ರಾಡಿಗೆ ನಿಮ್ಮ ಪಟ್ಟಿಯಲ್ಲಿ 9 ಇದೆ. ಕೆರೆ-ಸರೋವರಗಳಿಗೂ ಪ್ರತ್ಯೇಕ ಕೋಷ್ಟಕವಿದೆ. ಅಮೆರಿಕದವರು ತಮ್ಮ ಗ್ರೇಟ್ ಲೇಕ್ಸ್ ದಂಡೆಯನ್ನೂ ಹೀಗೆಯೇ ಬರೆದಿಟ್ಟಿದ್ದಾರೆ.

ಹಡಗೇ ಇಲ್ಲದಲ್ಲಿ ಎಣ್ಣೆ ಎಲ್ಲಿಯದು ಎನ್ನುತ್ತೀರಾ? ಒಮ್ಮೆ ಕೊರ್ತಿ-ಕೋಲ್ಹಾರ ಸೇತುವೆ ಮೇಲೆ ನಿಲ್ಲಿ. ಟ್ಯಾಂಕರುಗಳು ಹಿನ್ನೀರಿನ ನೆತ್ತಿಯ ಮೇಲೇ ಹಾಯುತ್ತವೆ. ಒಂದು ಮಗುಚಿದರೆ ನೀರೆತ್ತುವ ಯಾವ ಜಾಕ್‌ವೆಲ್ ಮೊದಲು ಬಂದ್ ಮಾಡಬೇಕು, ಯಾವ ಕೋಡಿಗೆ ಅಡ್ಡ ತೇಲುಬೇಲಿ ಎಳೆಯಬೇಕು ಎಂಬುದಕ್ಕೆ ನಕ್ಷೆ ಬೇಕಲ್ಲ? ಪುಣ್ಯಸ್ಥಳಗಳನ್ನೂ ನೀವು ಗುರುತಿಸುತ್ತೀರಿ. ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬನ್ನಿ. ಬಸವಣ್ಣನವರ ಐಕ್ಯಮಂಟಪ ನೀರಿನ ನಡುವೆ, ಬಾವಿಯಂಥ ಗೋಡೆಯೊಳಗಿದೆ. ಅದಕ್ಕೆಷ್ಟು ಅಂಕ?

ನಕ್ಷೆ ಇದ್ದರೂ ಎಣ್ಣೆ ಅದನ್ನು ಓದುವುದಿಲ್ಲ, ನಿಜ. 2006ರ ಮೇ ಕೊನೆಗೆ ಓಷನ್ ಸೆರಾಯಾ ಹಡಗು ಕಾರವಾರದೆದುರು ಬಂಡೆಗೆ ಬಡಿದಾಗ, ಎಣ್ಣೆ ಮಳೆಗಾಲದ ಅಲೆ ಹಿಡಿದು ಪರವಾನಗಿ ಕೇಳದೆ ಗೋವಾ ಗಡಿ ದಾಟಿತು. 2022ರ ಜೂನಿನಲ್ಲಿ ಪ್ರಿನ್ಸೆಸ್ ಮಿರಾಲ್ ಉಳ್ಳಾಲದೆದುರು ಮುಳುಗಿದ್ದೂ ಮಳೆಗಾಲದಲ್ಲೇ. ದೋಣಿ ನೀರಿಗಿಳಿಸಲಾಗದ ದಿನಗಳನ್ನೇ ಹಡಗುಗಳು ಆರಿಸಿಕೊಳ್ಳುತ್ತವೆ. ಅಂಕದ ಜೊತೆಗೆ ಋತುವನ್ನೂ, ಅಂದು ದಂಡೆಯಲ್ಲಿ ಸಿಗುವ ಮೀನುಗಾರರನ್ನೂ ಬರೆದುಕೊಂಡರೆ ನಕ್ಷೆ ಕಪಾಟಿನಿಂದ ಹೊರಬಂದೀತು.

ತೀರದ ಗೆರೆಯ ವಿಷಯದಲ್ಲಿ ಸಲಹೆ ಬೇಕಿದ್ದರೆ ನಮ್ಮನ್ನೇ ಕೇಳಿ. ಮೀಟರಿನ ದಶಾಂಶಗಳನ್ನು ನಮ್ಮ ಅಜ್ಜಿಯಂದಿರೂ ಬಾಯಿಪಾಠ ಒಪ್ಪಿಸುತ್ತಾರೆ. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು 2010ರಲ್ಲೇ ನದಿನೀರಿನ ನ್ಯಾಯಮಂಡಳಿ ಒಪ್ಪಿದೆ. ಮುಳುಗುವ ಹೊಲಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ಕಟ್ಟಿತು: ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ. ನಮ್ಮ ಸೂಕ್ಷ್ಮತೆಗೆ ಇರುವ ಅಂಕಗಳು ಸದ್ಯಕ್ಕೆ ಇವೆರಡೇ.

ಸರ್ವೆಗೆ ಬರುವುದಾದರೆ ಮೊದಲೇ ತಿಳಿಸಿ: ಅಳೆಯುವುದು 519.60ರ ತೀರವನ್ನೋ, 524.256ರದ್ದನ್ನೋ? ಎರಡನೆಯದಾದರೆ ದೋಣಿ ತನ್ನಿ, ಕಟ್ಟಲು ನಮ್ಮ ಹೊಲದ ಬೇವಿನ ಮರವಿದೆ.

ಇಂತಿ,
ಕಡಲು ಕಾಣದ ಒಬ್ಬ ತೀರವಾಸಿ