ಥಿಂಫುವಿಗೆ ಹೋಗಿ ಗೆದ್ದು ಬರೋದು

ಅಲ್ಲ ಮೇಷ್ಟ್ರೇ, "ಭೂತಾನಿಗೂ ಒಂದು ಫುಟ್ಬಾಲ್ ಟೀಮಾ?" ಅಂತ ಕೇಳಿಬಿಟ್ಟಿರಲ್ಲ, ನನಗೆ ಸುಮ್ಮನಿರೋಕೆ ಆಗ್ಲಿಲ್ಲ ನೋಡಿ. ಆ ಪೈಪನ್ನ ಹಾಗೇ ಗಿಡದ ಬುಡಕ್ಕೆ ಬಿಟ್ಟು ಇತ್ತ ಕಾಂಪೌಂಡ್ ಹತ್ತಿರ ಬನ್ನಿ. ಟೀಮು ಇದೆ. ರಾಜಧಾನಿ ಥಿಂಫುವಿನಲ್ಲಿ ಅದಕ್ಕೊಂದು ಸ್ಟೇಡಿಯಮ್ಮೂ ಇದೆ, ಚಾಂಗ್ಲಿಮಿಥಾಂಗ್ ಅಂತ. ಪುಟ್ಟ ದೇಶ ಹೌದು. 2017ರ ಜನಗಣತಿಯಲ್ಲಿ ಸಿಕ್ಕಿದ್ದು 7 ಲಕ್ಷ 27 ಸಾವಿರ ಚಿಲ್ಲರೆ ಜನ. ಅಷ್ಟು ಮಂದಿ ನಮ್ಮ ಬೆಂಗಳೂರಿನ ಒಂದು ಮೂಲೇಲೇ ಇದ್ದಾರು. ಆದರೆ ಆ ಮೈದಾನಕ್ಕೆ ಹೋಗಿ ಅವರನ್ನ ಸೋಲಿಸಿ ಬರೋದು ನೀವಂದುಕೊಂಡಷ್ಟು ಸಲೀಸಲ್ಲ.

ಬಾಂಗ್ಲಾದೇಶವನ್ನೇ ತಗೊಳ್ಳಿ. 2023ರ ಜೂನ್‌ನಲ್ಲಿ ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿ ನಡೀತಲ್ಲ, ಅದರಲ್ಲಿ ಬಾಂಗ್ಲಾ 3, ಭೂತಾನ್ 1. ಮೊದಲ ಗೋಲು ಭೂತಾನ್‌ದೇ ಆಗಿತ್ತು, ಆಮೇಲೆ ಕೈಬಿಟ್ಟು ಹೋಯ್ತು. ಈಗ 2016ರ ಅಕ್ಟೋಬರ್‌ಗೆ ಹೋಗಿ. ಏಷ್ಯಾ ಕಪ್ ಅರ್ಹತಾ ಪಂದ್ಯ, ಥಿಂಫುವಿನಲ್ಲಿ: ಭೂತಾನ್ 3, ಬಾಂಗ್ಲಾ 1. ಅದಕ್ಕೆ ಮುಂಚೆ ಢಾಕಾದಲ್ಲಿ ಗೋಲಿಲ್ಲದೆ ಡ್ರಾ ಆಗಿತ್ತು. ಹದಿನಾರು ಕೋಟಿ ಜನರ ದೇಶವನ್ನ ಏಳು ಲಕ್ಷದ ದೇಶ ಮನೆಗೆ ಕಳಿಸ್ತು. ಆ ಸೋಲಿನ ಪೆಟ್ಟಿನಿಂದ ಚೇತರಿಸಿಕೊಳ್ಳೋಕೆ ಬಾಂಗ್ಲಾ ಫುಟ್ಬಾಲ್‌ಗೆ ಬಹಳ ಕಾಲ ಹಿಡೀತು.

ನಮ್ಮ ಬೆಂಗಳೂರು ಎಫ್‌ಸಿಯೂ ಆ ರುಚಿ ನೋಡಿದೆ. 2018ರ ಜನವರಿಯಲ್ಲಿ ಎಎಫ್‌ಸಿ ಕಪ್‌ಗೆ ಅಂತ ಥಿಂಫುವಿಗೆ ಹೋಗಿ ಅಲ್ಲಿನ ಟ್ರಾನ್ಸ್‌ಪೋರ್ಟ್ ಯುನೈಟೆಡ್ ಮೇಲೆ ಒಂದು ಗೋಲೂ ಹೊಡೆಯಲಾಗದೆ ವಾಪಸ್ ಬಂತು. ಇಲ್ಲಿ ಆಡಿದಾಗ ಮೂರು ಹೊಡೀತು. 2020ರ ಫೆಬ್ರವರಿಯಲ್ಲಿ ಪಾರೊ ಎಫ್‌ಸಿ ಜೊತೆ ಇನ್ನೂ ವಿಚಿತ್ರ. ಅಲ್ಲಿ ತಿಣುಕಾಡಿ ಒಂದೇ ಒಂದು ಗೋಲಿನ ಗೆಲುವು. ವಾರ ಕಳೆದು ಅದೇ ಪಾರೊ ಹುಡುಗರು ಕಂಠೀರವಕ್ಕೆ ಬಂದರು, 9-1! ವಾರದಲ್ಲಿ ಯಾವ ಆಟಗಾರನೂ ಆಟ ಮರೆಯೋದಿಲ್ಲ ಮೇಷ್ಟ್ರೇ. ಬದಲಾಗಿದ್ದು ನೆಲ.

ನೀವು ವಿಜ್ಞಾನ ಪಾಠ ಮಾಡಿದವರು, ನಿಮಗೆ ಹೇಳಬೇಕಾ? ಥಿಂಫು ಇರೋದು ಸುಮಾರು 2,300 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರ ಅನ್ನೋ ಮುಳ್ಳಯ್ಯನಗಿರಿಗೆ 2,000 ಮೀಟರೂ ಇಲ್ಲ; ಅದರ ನೆತ್ತಿಗಿಂತಲೂ ಮೇಲೆ ನಿಂತು ತೊಂಬತ್ತು ನಿಮಿಷ ಓಡಬೇಕು. ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಹತ್ತಿರ ಹತ್ತಿರ ಕಾಲುಭಾಗ ಕಮ್ಮಿ. ಮೊದಲ ಇಪ್ಪತ್ತು ನಿಮಿಷ ಏನೂ ಅನ್ನಿಸೋದಿಲ್ಲವಂತೆ. ಆಮೇಲೆ ಒಂದು ಸಲ ಜೋರಾಗಿ ಓಡಿದವನಿಗೆ ಮತ್ತೆ ಉಸಿರು ಹದಕ್ಕೆ ಬರೋಕೇ ಹೊತ್ತು ಹಿಡಿಯುತ್ತೆ. ಮೈ ಒಗ್ಗಬೇಕಾದರೆ ವಾರಗಟ್ಟಲೆ ಅಲ್ಲೇ ಇರಬೇಕು, ಬರೋ ತಂಡಕ್ಕೆ ಸಿಗೋದು ಎರಡೋ ಮೂರೋ ದಿನ. ಚೆಂಡೂ ಮೋಸ ಮಾಡುತ್ತೆ. ತೆಳು ಗಾಳೀಲಿ ಅದಕ್ಕೆ ತಡೆ ಕಮ್ಮಿ, ಹಾಗಾಗಿ ಬೇಗ ಬರುತ್ತೆ, ತಿರುಗಬೇಕಾದಷ್ಟು ತಿರುಗೋದಿಲ್ಲ, ಇಳಿಯಬೇಕಾದ ಕಡೆ ಇಳಿಯೋದಿಲ್ಲ. ಗೋಲಿಯ ಕೈ ಒಂದು ಗೇಣು ಕೆಳಗೆ ಹೋಗಿರುತ್ತೆ, ಚೆಂಡು ಅದರ ಮೇಲಿಂದ ಬಲೆಗೆ.

"ಹಾಗಾದರೆ ಗೆಲ್ಲೋದು ಬೆಟ್ಟ, ಹುಡುಗರಲ್ಲ" ಅಂತೀರಿ. ಅದನ್ನ ಒಪ್ಪೋದಿಲ್ಲ ನಾನು. ಬೆಟ್ಟವೇ ಗೆಲ್ಲಿಸೋದಾಗಿದ್ದರೆ 2015ರಲ್ಲಿ ಚೀನಾ ಅದೇ ಮೈದಾನದಲ್ಲಿ ಆರು ಗೋಲು ಹೊಡೆದು ಹೋಗ್ತಿರಲಿಲ್ಲ. ಅದೇ ವರ್ಷ ಕತಾರ್ ದೋಹಾದಲ್ಲಿ ಹದಿನೈದು ಗೋಲು ಹಾಕಿತ್ತು, ಥಿಂಫುವಿಗೆ ಬಂದು ಮೂರಕ್ಕೆ ನಿಂತಿತು. ಎತ್ತರ ಮಾಡೋದು ಅಷ್ಟೇ, ಅಂತರವನ್ನ ಕಿರಿದು ಮಾಡುತ್ತೆ. ಮಿಕ್ಕಿದ್ದನ್ನ ಹುಡುಗರೇ ತುಂಬಬೇಕು. ಆ ಹುಡುಗರಲ್ಲಿ ಬಹಳ ಜನಕ್ಕೆ ಆಟವೇ ಹೊಟ್ಟೆಪಾಡಲ್ಲ. ಆಗ ತಂಡದ ನಾಯಕನಾಗಿದ್ದ ಕರ್ಮಾ ಶೆಡ್ರುಪ್ ಶೆರಿಂಗ್ ವಿಮಾನದ ಪೈಲಟ್!

ಆ ವರ್ಷದ ಕತೆ ಪೂರ್ತಿ ಕೇಳಿ. 2015ರ ಮಾರ್ಚ್, ವಿಶ್ವಕಪ್ ಅರ್ಹತೆಯ ಮೊಟ್ಟಮೊದಲ ಸುತ್ತು. ಫಿಫಾ ಪಟ್ಟಿಯಲ್ಲಿ ಭೂತಾನ್ 209ನೇ ಸ್ಥಾನ. ಅದರ ಕೆಳಗೆ ಇನ್ನೊಂದು ದೇಶ ಇರಲಿಲ್ಲ. ಅಲ್ಲೀವರೆಗೆ ವಿಶ್ವಕಪ್ ಅರ್ಹತಾ ಪಂದ್ಯವನ್ನೇ ಆಡಿದ್ದಿಲ್ಲ. ಎದುರಾಳಿ ಶ್ರೀಲಂಕಾ. ಮೊದಲ ಪಂದ್ಯ ಕೊಲಂಬೊದಲ್ಲಿ, ಸಮುದ್ರದ ದಡದಲ್ಲಿ. ಅಲ್ಲಿ ಯಾವ ಬೆಟ್ಟ? ಯಾವ ತೆಳು ಗಾಳಿ? ಸೆಕೆಯಲ್ಲಿ ಬೆವರಿಳಿಸ್ತಾ ಆಡಿ, ಕೊನೆಗೆ ಶೆರಿಂಗ್ ದೋರ್ಜಿ ಅನ್ನೋ ಹುಡುಗ ಗೋಲು ಹೊಡೆದ. 1-0. ಐದು ದಿನದ ಮೇಲೆ ಥಿಂಫುವಿನಲ್ಲಿ ಚೆಂಚೊ ಗೆಲ್ಷೆನ್ ಎರಡು ಗೋಲು, ಎರಡನೆಯದು ಆಟ ಮುಗಿಯೋ ಹೊತ್ತಿಗೆ. 2-1. ಮುಂದಿನ ತಿಂಗಳ ಪಟ್ಟಿಯಲ್ಲಿ ಭೂತಾನ್ 163ಕ್ಕೆ ಏರಿತ್ತು. ಚೆಂಚೊ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಿದೆಯಾ? ಮುಂದೆ ಪಂಜಾಬಿನ ಮಿನರ್ವ ತಂಡದಲ್ಲಿ ಐ-ಲೀಗ್ ಗೆದ್ದು, 2018ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೇ ಸೇರಿದ. ಕಂಠೀರವದ ಗ್ಯಾಲರಿಯಲ್ಲಿ ಅವನ ಹೆಸರು ಕೂಗಿದವರಲ್ಲಿ ನಾನೂ ಒಬ್ಬ.

ಆ ಮೈದಾನಕ್ಕೂ ಒಂದು ಚರಿತ್ರೆ ಇದೆ. 1885ರಲ್ಲಿ ಉಗ್ಯೆನ್ ವಾಂಗ್‌ಚುಕ್ ತನ್ನ ಎದುರಾಳಿಗಳನ್ನ ಬಗ್ಗುಬಡಿದ ರಣಭೂಮಿ ಅದು. ಇಪ್ಪತ್ತೆರಡು ವರ್ಷದ ಮೇಲೆ ಆತನೇ ಭೂತಾನಿನ ಮೊದಲ ರಾಜನಾದ. 1974ರಲ್ಲಿ ನಾಲ್ಕನೇ ರಾಜನ ಪಟ್ಟಾಭಿಷೇಕಕ್ಕೆ ಅಂತ ಅದೇ ಜಾಗದಲ್ಲಿ ಸ್ಟೇಡಿಯಂ ಕಟ್ಟಿದರು. ಮುಖ್ಯ ಗ್ಯಾಲರಿ ಅವರ ಮಠ, ಕೋಟೆಗಳ ಶೈಲಿಯಲ್ಲಿ, ಮರದ ಕೆತ್ತನೆ, ಬಣ್ಣದ ಚಿತ್ತಾರ. ಪಕ್ಕದಲ್ಲೇ ಬಿಲ್ಲುಗಾರಿಕೆಯ ಅಂಗಳ. ಅದು ಅವರ ರಾಷ್ಟ್ರೀಯ ಆಟ. ಗುರಿಹಲಗೆ ಸುಮಾರು 145 ಮೀಟರ್ ದೂರದಲ್ಲಿ ಇರುತ್ತೆ. ಒಲಿಂಪಿಕ್ಸ್‌ನಲ್ಲಿ ಬಿಡೋದು 70 ಮೀಟರ್‌ನಿಂದ. ಬಾಣ ನಾಟಿದರೆ ಗುರಿಯ ಹತ್ತಿರ ಇರೋರು ಹಾಡಿ ಕುಣೀತಾರೆ.

1998ರವರೆಗೂ ಆ ದೇಶದಲ್ಲಿ ಟಿವಿ ಇರಲಿಲ್ಲ ಅಂದರೆ ನಂಬ್ತೀರಾ? ಆ ವರ್ಷ ವಿಶ್ವಕಪ್ ಫೈನಲ್ ಅನ್ನ ಇದೇ ಚಾಂಗ್ಲಿಮಿಥಾಂಗ್‌ನಲ್ಲಿ ದೊಡ್ಡ ಪರದೆ ಹಾಕಿ ತೋರಿಸಿದರು. ಜನ ಮುಗಿಬಿದ್ದರು. ಮರುವರ್ಷ ಜೂನ್‌ನಲ್ಲಿ ದೇಶಕ್ಕೇ ಟಿವಿ ಬಂತು. ಫುಟ್ಬಾಲ್ ದಾರಿ ಮಾಡಿಕೊಟ್ಟು ಟಿವಿ ಒಳಗೆ ಬಂದ ದೇಶ ಅದು! ಆಮೇಲೆ 2002ರ ಜೂನ್ 30. ಯೊಕೊಹಾಮಾದಲ್ಲಿ ಬ್ರೆಜಿಲ್-ಜರ್ಮನಿ ವಿಶ್ವಕಪ್ ಫೈನಲ್ ಆಡಿದ ದಿನವೇ, ಪಟ್ಟಿಯ ಕಟ್ಟಕಡೆಯ ಎರಡು ತಂಡಗಳು ಚಾಂಗ್ಲಿಮಿಥಾಂಗ್‌ನಲ್ಲಿ ಆಡಿದವು. ಭೂತಾನ್ ಮತ್ತು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್. ಮಾಂಟ್ಸೆರಾಟ್‌ನ ರಾಜಧಾನಿಯನ್ನ ಅದಾಗಲೇ ಜ್ವಾಲಾಮುಖಿಯ ಬೂದಿ ನುಂಗಿಹಾಕಿತ್ತು. ಭೂತಾನ್ 4-0ಯಲ್ಲಿ ಗೆದ್ದಿತು. ಕುವೈತ್‌ಗೆ ಹೋಗಿ ಇಪ್ಪತ್ತು ಗೋಲು ತಿಂದು ಬಂದು ಆಗಿನ್ನೂ ಎರಡೂವರೆ ವರ್ಷ ಆಗಿತ್ತಷ್ಟೆ. ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ಟ್ರೋಫಿಯನ್ನ ಎರಡು ಹೋಳು ಮಾಡಿ ಇಬ್ಬರೂ ಹಂಚಿಕೊಂಡರು. ಜೋಹಾನ್ ಕ್ರಾಮರ್ ಅನ್ನೋ ಡಚ್ ನಿರ್ದೇಶಕ ಅದನ್ನೆಲ್ಲ ಸಾಕ್ಷ್ಯಚಿತ್ರ ಮಾಡಿದ್ದಾನೆ, ಸಿಕ್ಕರೆ ನೋಡಿ.

ನನ್ನ ತಕರಾರು ಇರೋದು ಎಲ್ಲಿ ಅಂದರೆ, ಚಿಕ್ಕ ದೇಶಗಳನ್ನೆಲ್ಲ ಯಾವುದಾದರೂ ಒಂದು ಊರಿಗೆ ಕರೆಸಿ ವಾರದಲ್ಲಿ ಆಟ ಮುಗಿಸಿ ಕಳಿಸಿಬಿಡೋ ಪದ್ಧತಿ ಇದೆಯಲ್ಲ, ಅದು. ಕುವೈತ್‌ನ ಆ ಇಪ್ಪತ್ತು ಗೋಲು ಬಿದ್ದದ್ದು ಹಾಗೇ. ಖರ್ಚು ಉಳಿಯುತ್ತೆ, ಒಪ್ಪಿದೆ. ಆದರೆ ಅಲ್ಲಿ ಕಾಣೋದು ಆ ದೇಶದ ಅರ್ಧ ತಂಡ ಮಾತ್ರ. 2019ರಲ್ಲಿ ಗುವಾಮ್ ತನ್ನ ನೆಲದಲ್ಲಿ ಭೂತಾನ್‌ಗೆ ಐದು ಗೋಲು ಹೊಡೀತು. ಅದಕ್ಕೆ ಐದು ದಿನ ಮುಂಚೆ ಥಿಂಫುವಿನಲ್ಲಿ ಭೂತಾನೇ ಗೆದ್ದಿತ್ತು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ 4-0 ಸೋಲು. ಲೆಕ್ಕದಲ್ಲಿ ಎಲ್ಲ ಮುಗಿದ ಹಾಗೇ. ಆದರೂ ಮರುಪಂದ್ಯಕ್ಕೆ ಚಾಂಗ್ಲಿಮಿಥಾಂಗ್‌ಗೆ ಬಂದ ಹಾಂಗ್‌ಕಾಂಗ್ ಮೇಲೆ ಎರಡು ಗೋಲು ಹೊಡೆದು ಗೆದ್ದರು. ಮುಂದಿನ ಸುತ್ತಿಗೆ ಹೋಗಲಿಲ್ಲ, ಸರಿ. ಆ ಸಂಜೆ ಗ್ಯಾಲರಿಯಲ್ಲಿ ಕೂತಿದ್ದ ಹುಡುಗನಿಗೆ ತನ್ನ ದೇಶ ಗೆದ್ದದ್ದು ಕಣ್ಣಾರೆ ಸಿಕ್ಕಿತಲ್ಲ!

ಹೌದು, ಸ್ವಂತ ಮೈದಾನ ಇಲ್ಲದೆಯೂ ಗೆದ್ದವರಿದ್ದಾರೆ. ಅಟ್ಲಾಂಟಿಕ್‌ನ ಫೆರೋ ದ್ವೀಪಗಳವರು 1990ರಲ್ಲಿ ತಮ್ಮ ಮೊಟ್ಟಮೊದಲ ಅಧಿಕೃತ ಪಂದ್ಯದಲ್ಲೇ ಆಸ್ಟ್ರಿಯಾವನ್ನ 1-0ಯಿಂದ ಕೆಡವಿದರು. ಊರಲ್ಲಿ ಹುಲ್ಲಿನ ಮೈದಾನ ಇಲ್ಲ ಅಂತ ಸ್ವೀಡನ್‌ನ ಲ್ಯಾಂಡ್ಸ್‌ಕ್ರೋನಾದಲ್ಲಿ ಆಡಿದ 'ತವರಿನ' ಪಂದ್ಯ ಅದು. ಆ ಗೆಲುವನ್ನ ಅವರ ಊರಿನ ಜನ ಕೂತು ನೋಡಬೇಕಿತ್ತು ಅನ್ನೋ ಸಂಕಟ ನನಗೆ ಈಗಲೂ ಇದೆ. ಆಮೇಲೆ ಅವರು ಟೋಫ್ಟಿರ್ ಅನ್ನೋ ಹಳ್ಳಿಯ ಗುಡ್ಡವನ್ನೇ ಸಿಡಿಸಿ, ಸಮ ಮಾಡಿ ಹುಲ್ಲು ಬೆಳೆಸಿದರು.

ಅದಿರಲಿ, ನಿಮ್ಮ ಮಗಳು ಅಳಿಯ ರಜಕ್ಕೆ ಭೂತಾನ್‌ಗೆ ಹೋಗೋ ಮಾತಾಡ್ತಿದ್ದರಲ್ಲ? ಭಾರತೀಯರಿಗೆ ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಇಟ್ಟಿದ್ದಾರೆ, ಅದನ್ನ ಲೆಕ್ಕಕ್ಕೆ ಹಿಡಿದುಕೊಳ್ಳೋಕೆ ಹೇಳಿ. ಎಲ್ಲರೂ ಹತ್ತೋ ತಕ್ತ್‌ಸಂಗ್ ಮಠ ಹೇಗೂ ನೋಡ್ತಾರೆ. ಥಿಂಫುವಿನಲ್ಲಿ ಒಂದು ಸಂಜೆ ಬಿಡುವು ಇಟ್ಟುಕೊಳ್ಳಲಿ. ಲೀಗ್ ಪಂದ್ಯ ಇದ್ದರೆ ಒಳಗೆ ಹೋಗಿ ಕೂತುಕೊಳ್ಳಲಿ, ಇಲ್ಲದಿದ್ದರೆ ಪಕ್ಕದ ಅಂಗಳದಲ್ಲಿ ಬಿಲ್ಲುಗಾರರು ಇದ್ದಾರೇನೋ ನೋಡಲಿ. ಮೊಮ್ಮಗನನ್ನ ಮಾತ್ರ ಮೊದಲ ದಿನವೇ ಓಡಾಡೋಕೆ ಬಿಡಬೇಡಿ ಅನ್ನಿ.