ಸದ್ಯಕ್ಕಣ್ಣ

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು. ಈ ದಾರಿಯಲ್ಲಿ ಏನು ಕೆಟ್ಟರೂ ಫೋನು ಹೋಗುವುದು ಸದ್ಯಕ್ಕಣ್ಣನಿಗೆ. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಾಚೆ ಬಳಕೆಯಲ್ಲಿಲ್ಲ. ಜೇಬಿನಲ್ಲಿ ಬೀಡಿ ಇಲ್ಲದಿದ್ದೀತು, ಎಂ-ಸೀಲ್ ಇಲ್ಲದಿರದು. “ಸದ್ಯಕ್ಕೆ ಓಡ್ಲಿ ಬುಡಿ ಸಾ, ಆಮೇಲ್ ನೋಡಾನ” ಎಂಬುದೇ ಅವನ ಗ್ಯಾರಂಟಿ ಕಾರ್ಡು.

ವಿದ್ಯಾಭ್ಯಾಸವೆಲ್ಲ ತೆಂಗಿನ ತೋಟದ ಬೋರ್‌ವೆಲ್ಲುಗಳಲ್ಲಿ. 2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿ, ದಾರಿಯುದ್ದಕ್ಕೂ ಕೊಳವಿರುವ ರೆಸಾರ್ಟುಗಳೆದ್ದ ಮೇಲೆ ಈಜುಕೊಳದ ತಜ್ಞನೂ ಆದ. “ನೂರಾರು ಅಡಿ ಆಳದ ಮೋಟರಿಗೆ ಸುತ್ತಿದ ಟೇಪೇ ನಿಲ್ತದೆ, ನಿಮ್ಮ ನಾಕಡಿ ತೊಟ್ಟೀಲಿ ನಿಲ್ಲಲ್ವಾ?” ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದರಲ್ಲ, ಇವನೂ ಅದೇ ಪರಂಪರೆಯವನು. ಮೆತ್ತಿದ ಪುಟ್ಟಿ ಹಸಿಯಿರುವಾಗಲೇ ಮೊಳೆಯಿಂದ ಮೊಬೈಲ್ ನಂಬರು ಗೀರುತ್ತಾನೆ.

ಈಚೆಗೆ ಒಬ್ಬರು ಬೇಲೂರು ರಸ್ತೆಯಲ್ಲಿ ಕೊಳದ ಸಮೇತ ತೋಟದ ಮನೆ ಕೊಂಡರು. ನೀರೊಳಗಿನ ದೀಪ ಒಡೆದಿತ್ತು, ನೀರೂ ಇಳಿಯುತ್ತಿತ್ತು. ಕೊಳ ಖಾಲಿ ಮಾಡಿಸಹೊರಟವರನ್ನು ಸದ್ಯಕ್ಕಣ್ಣ ತಡೆದ. ನೀರು ದೀಪದ ಮಟ್ಟಕ್ಕಿಳಿದು ನಿಂತಿದೆಯೆಂದರೆ ಸೋರುತ್ತಿರುವುದು ಅದರ ಹಿಂದಿನ ವೈರಿನ ಪೈಪು ಎಂದ. ಸರಿಯಾಗಿಯೇ ಹೇಳಿದ. ಇಂಥವರ ತೊಂದರೆಯೇ ಅದು, ಮುಕ್ಕಾಲು ಪಾಲು ಸರಿಯಾಗಿರುತ್ತಾರೆ.

ಮೊದಲು ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗಿಳಿಸಿ, ಅಂಗಿ ಬಿಚ್ಚಿ ದಡದಲ್ಲಿಟ್ಟ. ದೀಪ 12 ವೋಲ್ಟಿನದಾದರೂ ಟ್ರಾನ್ಸ್‌ಫಾರ್ಮರಿನಾಚೆ ಕಾದಿರುವುದು 230. ಕರೆಂಟಿನ ವಿಷಯದಲ್ಲಿ ಮಾತ್ರ ಅವನ ಬಾಯಲ್ಲಿ ‘ಸದ್ಯಕ್ಕೆ’ ಬರುವುದಿಲ್ಲ. ಮೇಲಿನ ಸ್ಕ್ರೂ ಬಿಚ್ಚಿ ಎಳೆದರೆ ಗೂಡಿನಲ್ಲಿ ಸುತ್ತಿಟ್ಟ ವೈರು ಬಿಚ್ಚಿಕೊಂಡು ದೀಪ ದಡಕ್ಕೇ ಬಂತು. ಬಿರುಕುಬಿಟ್ಟ ಗಾಜಿನೊಳಗೆ ಪಾಚಿನೀರು ಲೊಳಕ್ಕೆಂದಿತು. ಗ್ಯಾಸ್ಕೆಟ್ಟು ಹಪ್ಪಳವಾಗಿತ್ತು.

“ಹೊಸ ಲೈಟ್ ಬರೋಗಂಟ ಉರ್ಸಂಗಿಲ್ಲ. ಪೈಪ್ ಬಾಯಿ ಮಾತ್ರ ಮುಚ್ತೀನಿ.” ಎಪಾಕ್ಸಿ ಕಲಸಿಕೊಂಡು ಗೂಡಿಗೆ ಇಣುಕಿದವನು ಕೆಂಡವಾದ. ಹಿಂದಿನ ಮೆಕ್ಯಾನಿಕ್ಕನ್ನು ಬಯ್ಯದೆ ಕೆಲಸ ಶುರುವಾಗುವ ಪದ್ಧತಿಯೇ ಇಲ್ಲವೆನ್ನಿ. “ಯಾವೋನ್ ಸಾ ಇದ್ನ ಮೆತ್ತಿರೋನು? ಪಾಚಿ ಉಜ್ಜದೆ ಮೆತ್ತಿದ್ರೆ ನಿಂತದಾ? ಕೈ ಮುರೀಬೇಕು ಅವ್ನಿಗೆ!”

ಮಾಲೀಕರು ಮಂಡಿಯೂರಿ ಟಾರ್ಚು ಬಿಟ್ಟರು. ಪುಟ್ಟಿಯ ಮೇಲೆ ಅಂಕಿಗಳು. ಅವನನ್ನೇ ವಿಚಾರಿಸೋಣವೆಂದು ಡಯಲ್ ಮಾಡಿದರು. ದಡದ ಮೇಲಿನ ಅಂಗಿ ರಿಂಗಾಯಿತು.

ಸದ್ಯಕ್ಕಣ್ಣ ಅಂಗಿಯನ್ನೊಮ್ಮೆ, ಮಾಲೀಕರನ್ನೊಮ್ಮೆ ನೋಡಿದ. “ಸದ್ಯಕ್ಕೆ ಅಂತ ಹಳೇ ಸಾವ್ಕಾರ್ರಿಗೆ ಅವತ್ತೇ ಹೇಳಿದ್ದೆ ಸಾ. ಅವ್ರು ಮನೇನೇ ಮಾರ್ಕೊಂಡ್ ಹೋದ್ರೆ ನಾನೇನ್ ಮಾಡ್ಲಿ?”